ದಾರಿಬದಿಯ ನಳ್ಳಿ

ಕುಲಶೇಖರ
18 ಮೇ 2025

ಮಗಳು ಸುಪ್ರೀತಾಳಿಗೆ ಅಮ್ಮನ ಆಶೀರ್ವಾದ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ತಡವಾಯಿತೆಂದು ಬೇಸರಿಸಬೇಡ. ಮೀನಿನ ಬುಟ್ಟಿ ಇಳಿಸಿದ ಮೇಲೆ ಕೈ ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಅಪ್ಪ ಸೌಖ್ಯ. ಅಣ್ಣ ಅಕ್ಷಿತ್ ನಿನ್ನ ಪಿಜಿಗೆ ಇದನ್ನು ತಲುಪಿಸುತ್ತಾನೆ, ಜೊತೆಗೆ ಒಣ ಸಿಗಡಿ ಚಟ್ನಿಯೂ ಉಂಟು.

ನಮ್ಮ ಓಣಿಯ ಸಂಗತಿ ನಿನ್ನ ಕಂಪನಿಯ ಆಫೀಸಿನಲ್ಲಿ ಬೇರೆ ರೀತಿ ಕೇಳಿರಬಹುದು. ನೀರಿನ ಕೆಲಸ ನಿಮ್ಮ ಕಂಪನಿಯ ಕೈಗೆ ಹೋದ ಮೇಲೆ ಮನೆಮನೆಗೆ ಮೀಟರ್ ಬಂತು, ಎಲ್ಲರೂ ನೀರು ಹಿಡಿಯುತ್ತಿದ್ದ ದಾರಿಬದಿಯ ನಳ್ಳಿಯನ್ನು ಕಿತ್ತರು. ಪಕ್ಕದ ಎಸ್ತೆರ್ ಬಾಯಿಗೂ ಉಮರಬ್ಬರಿಗೂ ಜಾಗದ ದಾಖಲೆಯಿಲ್ಲ. ಹಾಗಾಗಿ ಮೀಟರೂ ಇಲ್ಲ, ನೀರೂ ಇಲ್ಲ. ನಾನು ನಮ್ಮ ಅಂಗಳದ ನಳ್ಳಿಗೆ ಪೈಪ್ ಸಿಕ್ಕಿಸಿ ದಾರಿಗೆ ಬಿಟ್ಟೆ.

ಆ ವಾರವೇ ನಿಮ್ಮ ಇಂಜಿನಿಯರ್ ಜೀಪಿನಲ್ಲಿ ಬಂದ.

"ನಿಮ್ಮ ನೀರು ಬೇರೆಯವರಿಗೆ ಕೊಡ್ಲಿಕ್ಕಿಲ್ಲ ಅಮ್ಮ. ರೂಲ್ಸ್ ಉಂಟು," ಎಂದ.

"ಬಾಯಾರಿ ಬಂದವರಿಗೆ ಬೆಲ್ಲ ನೀರು ಕೊಡುವ ಊರು ಇದು. ಅದಕ್ಕೂ ನಿಮ್ಮ ಪರ್ಮಿಶನ್ ಬೇಕಾ?" ಎಂದೆ.

"ಹಾಗಾದ್ರೆ ನಿಮ್ಮ ಲೈನೂ ಕಟ್ ಮಾಡ್ಬೇಕಾಗ್ತದೆ."

"ಮಾಡಿ. ನಾನೇನು ಕೈಮುಗಿಯುವುದಿಲ್ಲ."

ಮಾಡಿಯೇಬಿಟ್ಟರು.

ಮರುದಿನ ನಾನು ಮೀನು ಮಾರಲು ಹೋಗಲಿಲ್ಲ. ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಕೊಡಿಯಾಲ್‌ಬೈಲಿಗೆ ಹೋಗಿ ನಿಮ್ಮ ಆಫೀಸಿನ ಮೆಟ್ಟಿಲ ಮೇಲೆ ಕುಳಿತೆವು. ಮೀಟರ್ ಇದ್ದವರೂ ಬಂದಿದ್ದರು. ಎಬ್ಬಿಸಲು ಬಂದ ವಾಚ್‌ಮನ್‌ಗೆ ಎಸ್ತೆರ್ ಬಾಯಿ, "ನನ್ನ ಮೊಣಕಾಲು ನೋಯ್ತದೆ ಮಾರಾಯ. ನಳ್ಳಿ ಬರದೆ ಏಳ್ಲಿಕ್ಕೆ ಆಗುವುದಿಲ್ಲ," ಎಂದಳು. ಆ ಬಿಸಿಲಿನಲ್ಲೂ ನಮಗೆ ನಗು ತಡೆಯಲಾಗಲಿಲ್ಲ.

ಸಂಜೆಗೆ ಮ್ಯಾನೇಜರ್ ಕೆಳಗಿಳಿದು ಬಂದರು. ಈಗ ದಾರಿಬದಿಯ ನಳ್ಳಿಯನ್ನು ಮತ್ತೆ ಹಾಕಿದ್ದಾರೆ, ನಮ್ಮ ಲೈನೂ ಬಂದಿದೆ. ಮಳೆಗಾಲ ಮುಗಿಯುವವರೆಗೆ ಮಾತ್ರವಂತೆ. ಆಮೇಲೆ ಕೀಳಲು ಬರಲಿ, ಆ ಮೆಟ್ಟಿಲು ಎಲ್ಲಿದೆ ಎಂದು ನಮಗೆ ಗೊತ್ತುಂಟು.

ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಅದು ನಿನ್ನ ಅನ್ನ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಯಾರ ಮುಂದೆಯೂ ನಿನ್ನ ತಲೆ ತಗ್ಗದಿರಲಿ.

ನಿನ್ನ ಅಮ್ಮ,
ಅಮ್ಮಣ್ಣಿ

ಇನ್ನೊಂದು ಮಾತು: ಲೈನ್ ಕಟ್ ಮಾಡಿದ ದಿನ ಜೀಪಿನ ಹಿಂದಿನ ಸೀಟಿನಲ್ಲಿ ನೀನಿದ್ದೆ. ಹೊರಡುವಾಗ ಆ ಇಂಜಿನಿಯರ್, "ಯಾರು ಮಾರಾಯ್ತಿ ಈ ಹೆಂಗಸು, ನಿಂಗೆ ಗೊತ್ತುಂಟಾ?" ಎಂದು ಕೇಳಿದ. ನೀನು, "ಗೊತ್ತಿಲ್ಲ ಸರ್," ಎಂದೆ. ಕಿಟಕಿ ತೆರೆದಿತ್ತು ಮಗಾ. ಅಪ್ಪನಿಗೆ ನಾನು ಹೇಳಿಲ್ಲ.