ಖಾಲಿ ಮನೆಯ ಶನಿವಾರಗಳು

ಯೋಯೆನ್ಸೂ,
ಏಪ್ರಿಲ್ ೧೪, ಮಂಗಳವಾರ

ಪ್ರೀತಿಯ ತಾನೆಲಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಮಗನೇ? ಮೈಯಲ್ಲಿ ಹುಷಾರಿದೆಯೇ? ಫೆಬ್ರವರಿಯಲ್ಲಿ ಜ್ವರ ಬಂದಿತ್ತೇನು? ಆ ತಿಂಗಳು ಎರಡು ಶನಿವಾರ ನೀನು ಹಬೆಸ್ನಾನಕ್ಕೆ ಸೌನಾ ಕೋಣೆ ಕಾಯಿಸಲೇ ಇಲ್ಲ. ಬೆಳಗಿನ ಕಾಫಿಯನ್ನೂ ಮಧ್ಯಾಹ್ನ ದಾಟಿದ ಮೇಲೆ ಮಾಡಿಕೊಂಡಿದ್ದೀಯ. ಒಬ್ಬನೇ ಬಿದ್ದುಕೊಂಡಿದ್ದೆಯೋ, ಗಂಜಿಯನ್ನಾದರೂ ಬೇಯಿಸಿಕೊಂಡೆಯೋ ಎಂದು ಯೋಚಿಸಿ ಯೋಚಿಸಿ ನನಗೆ ಎರಡು ದಿನದಿಂದ ಅನ್ನಾಹಾರ ಸೇರುತ್ತಿಲ್ಲ. ಇದೆಲ್ಲ ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದು ನೀನು ಈಗ ಲಕೋಟೆಯನ್ನು ತಿರುಗಿಸಿ ನೋಡುತ್ತಿರಬಹುದು. ಲಕೋಟೆಯ ಮೇಲೆ ನಾರ್ವೆಯ ವಿಳಾಸ ಇಲ್ಲದ್ದನ್ನು ನೋಡಿದೆಯಲ್ಲ? ನಿನ್ನ ತಾತ ಸರೋವರದ ದಂಡೆಯಲ್ಲಿ ಕಟ್ಟಿದ ನಮ್ಮ ಬೇಸಿಗೆ ಮನೆಯ ವಿಳಾಸವನ್ನೇ ಬರೆದಿದ್ದೇನೆ. ನೀನು ಅಲ್ಲೇ ಇದ್ದೀಯ. ಅಕ್ಟೋಬರಿನಿಂದ ಅಲ್ಲೇ ಇದ್ದೀಯ.

ಬೈಯಬಾರದೆಂದು ನಿನ್ನ ತಂಗಿ ಪಿಹ್ಲಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ, ಆದರೂ ಸ್ವಲ್ಪ ಬೈಯುತ್ತೇನೆ, ಇಲ್ಲವಾದರೆ ಎದೆ ಒಡೆದುಹೋಗುತ್ತದೆ. ನಾರ್ವೆಯಲ್ಲಿ ಸಮುದ್ರದ ಗಾಳಿ ಹೇಗಿದೆ ಎಂದು ನಾನು ಫೋನಿನಲ್ಲಿ ಬರೆದು ಕೇಳಿದಾಗಲೆಲ್ಲ, ‘ಜೋರಾಗಿದೆ ಅಮ್ಮ, ಟೋಪಿ ಹಾಕ್ಕೊಂಡೇ ಇರ್ತೀನಿ’ ಅಂತ ಉತ್ತರ ಕಳಿಸುತ್ತಿದ್ದೆ. ಯಾವ ಸಮುದ್ರವೋ ಪುಣ್ಯಾತ್ಮ? ಆ ಕೆರೆಯಂಥ ಸರೋವರದಲ್ಲಿ ಎಲ್ಲಿಯ ಸಮುದ್ರದ ಗಾಳಿ? ನವೆಂಬರಿನಲ್ಲಿ ನಾನು ಹೆಣೆದ ಉಣ್ಣೆಯ ಕೈಗವಸುಗಳನ್ನು ನಾರ್ವೆಯ ಟ್ರೊಮ್ಸೊ ಊರಿನಲ್ಲಿ ನೀನು ಕೆಲಸಕ್ಕಿದ್ದ ಮೀನು ಕಾರ್ಖಾನೆಯ ವಿಳಾಸಕ್ಕೆ ಕಳಿಸಿದೆ. ಅವು ಈಗ ಯಾವ ಪರದೇಶಿಯ ಕೈಯಲ್ಲಿವೆಯೋ ದೇವರೇ ಬಲ್ಲ. ನೀನು ಮೊದಲ ವರ್ಷ ಅಲ್ಲಿದ್ದದ್ದು ನಿಜ ಎಂದು ಗೊತ್ತು, ಪೋಸ್ಟ್‌ಕಾರ್ಡುಗಳ ಮೇಲೆ ಅಲ್ಲಿನ ಮುದ್ರೆ ಇದೆ. ಆಮೇಲೆ ವಾಪಸು ಬಂದವನು, ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಅಮ್ಮನಿಗೆ ಬಂದಿದ್ದೇನೆ ಎಂದು ಒಂದು ಮಾತು ಹೇಳಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ದಿನಾ ಬೆಳಗ್ಗೆ ರೇಡಿಯೊದಲ್ಲಿ ಉತ್ತರ ನಾರ್ವೆಯ ಹವಾಮಾನ ಕೇಳುತ್ತಿದ್ದೆ ಕಣೋ.

ಸರಿ, ಬೈದದ್ದಾಯಿತು. ಈಗ ನಡೆದದ್ದನ್ನು ಹೇಳುತ್ತೇನೆ.

ಪಿಹ್ಲಾ ವಿಶ್ವವಿದ್ಯಾಲಯದ ಹ್ಯಾಕಥಾನಿಗೆ ಹೆಸರು ಕೊಟ್ಟಿದ್ದಳು. ನೀನೂ ಮೇಷ್ಟರಾಗಿದ್ದಾಗ ನಿನ್ನ ಶಾಲೆಯಲ್ಲಿ ಒಂದು ಸಲ ಅಂಥದ್ದನ್ನು ನಡೆಸಿದ್ದೆಯಲ್ಲ. ಶುಕ್ರವಾರ ಸಂಜೆ ಹುಡುಗ ಹುಡುಗಿಯರನ್ನೆಲ್ಲ ಒಂದು ದೊಡ್ಡ ಹಾಲಿನಲ್ಲಿ ಕೂಡಿಹಾಕುವುದು, ಭಾನುವಾರ ಮಧ್ಯಾಹ್ನದೊಳಗೆ ಕಂಪ್ಯೂಟರಿನಿಂದ ಲೋಕದ ಒಂದು ಸಂಕಟಕ್ಕೆ ಮದ್ದು ಹುಡುಕಿ ಎನ್ನುವುದು. ನಾವು ಅರವತ್ತು ವರ್ಷ ಬದುಕಿ ಕೆಡಿಸಿದ್ದನ್ನು ಆ ಮಕ್ಕಳು ಮೂರು ದಿನದಲ್ಲಿ ಸರಿಮಾಡಬೇಕು. ಒಂದು ಗುಂಪು ಸರೋವರದ ಪಾಚಿಯನ್ನು ಹಿಡಿದಿತ್ತು, ಇನ್ನೊಂದು ಶಾಲೆಗಳಲ್ಲಿ ಚೆಲ್ಲುವ ಊಟವನ್ನು. ಪಿಹ್ಲಾ ಮತ್ತು ಅವಳ ಗೆಳತಿ ಸೈಮಿ ಹಿಡಿದದ್ದು ಬೇಸಿಗೆ ಮನೆಗಳನ್ನು. ಚಳಿಗಾಲವಿಡೀ ನಲ್ಲಿ ಹೆಪ್ಪುಗಟ್ಟದಿರಲಿ ಎಂದು ಹೀಟರು ಹಚ್ಚಿಟ್ಟು ಬೀಗ ಹಾಕಿ ಬರುತ್ತೇವಲ್ಲ, ಆ ಮನೆಗಳು ಯಾರಿಗೂ ಉಪಯೋಗವಿಲ್ಲದೆ ಕರೆಂಟು ಕುಡಿಯುತ್ತಿರುತ್ತವೆ. ಎಷ್ಟು ಪೋಲಾಗುತ್ತಿದೆ ಎಂದು ಮನೆಯವರ ಫೋನಿಗೆ ತಿಳಿಸುವ ಒಂದು ಏರ್ಪಾಡು ಮಾಡುತ್ತೇವೆ ಎಂದು ಇಬ್ಬರೂ ಕುಣಿಯುತ್ತಿದ್ದರು.

ಅದಕ್ಕೆ ಅವರಿಗೆ ಮೊದಲು ಬೇಕಾದದ್ದು ನಿಜಕ್ಕೂ ಖಾಲಿಯಾದ ಒಂದು ಮನೆ. ಅದನ್ನು ಸೊನ್ನೆ ಎಂದಿಟ್ಟುಕೊಂಡು ಉಳಿದ ಮನೆಗಳ ಲೆಕ್ಕದಿಂದ ಅದರ ಲೆಕ್ಕವನ್ನು ಕಳೆಯಬೇಕಂತೆ, ಆಗ ಉಳಿಯುವುದೇ ಪೋಲು. ಪಿಹ್ಲಾಗೆ ತಟ್ಟನೆ ಹೊಳೆದದ್ದು ನಮ್ಮ ಮನೆ. ನಿಮ್ಮಪ್ಪ ಸೆಪ್ಟೆಂಬರಿನಲ್ಲಿ ನೀರು ಇಳಿಸಿ, ಹೀಟರು ಆರಿಸಿ, ಕಿಟಕಿ ಭದ್ರ ಮಾಡಿ ಬಂದಿದ್ದರಲ್ಲ, ಅದಕ್ಕಿಂತ ಖಾಲಿ ಮನೆ ಇನ್ನೆಲ್ಲಿ ಸಿಗಬೇಕು? ಬಿಲ್ಲುಗಳನ್ನು ನೋಡುವವರು ನಿಮ್ಮಪ್ಪನಾದರೂ ಕರೆಂಟಿನ ಸಂಪರ್ಕ ನನ್ನ ತಂದೆಯಿಂದ ನನ್ನ ಹೆಸರಿಗೆ ಬಂದದ್ದು. ಅದಕ್ಕೇ ಪಿಹ್ಲಾ ಶನಿವಾರ ನನ್ನ ಹತ್ತಿರ ಓಡಿ ಬಂದಳು. ನಾನು ಬ್ರೆಡ್ಡಿಗೆ ರೈ ಹಿಟ್ಟು ಕಲಸುತ್ತಿದ್ದೆ. ಅಂಟಿದ ಕೈಯಲ್ಲೇ, ಕರೆಂಟು ಕಂಪನಿಯ ತಾಣಕ್ಕೂ ಬೇಕಾಗುವ ಬ್ಯಾಂಕಿನ ಗುಟ್ಟಿನ ಸಂಖ್ಯೆ ಒತ್ತಿ, ಗಂಟೆ ಗಂಟೆಯ ಲೆಕ್ಕವನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟೆ. ಖಾಲಿ ಮನೆಯಲ್ಲಿ ಮುಚ್ಚಿಡುವಂಥದ್ದು ಏನಿರುತ್ತದೆ ಎಂದು ಕೂಡ ಅಂದೆ. ಆ ಹುಡುಗಿಯರೂ ಅಷ್ಟೇ, ಅದು ಖಾಲಿ ಎಂದು ಎಷ್ಟು ನಂಬಿದ್ದರೆಂದರೆ, ಅದನ್ನು ತೆರೆದು ನೋಡುವ ಗೋಜಿಗೇ ಹೋಗಲಿಲ್ಲ. ನೇರವಾಗಿ ಯಂತ್ರದ ಬಾಯಿಗೆ ಹಾಕಿಬಿಟ್ಟರು.

ಭಾನುವಾರ ಮಧ್ಯಾಹ್ನ ನಾನು ಒಬ್ಬಳೇ ಹೋದೆ. ಅಂಥ ಗದ್ದಲ ತನಗಾಗದು ಎಂದು ನಿಮ್ಮಪ್ಪ ಮನೆಯಲ್ಲೇ ಉಳಿದರು. ಹಾಲಿನ ತುಂಬ ಜನ. ಮಕ್ಕಳ ಮುಖಗಳೆಲ್ಲ ನಿದ್ದೆಗೆಟ್ಟು ಬಿಳಿಚಿಕೊಂಡಿದ್ದವು. ಪಿಹ್ಲಾ ಚೆನ್ನಾಗಿಯೇ ಶುರುಮಾಡಿದಳು. ಅವಳ ಹಿಂದಿನ ಪರದೆಯ ಮೇಲೆ ಐದಾರು ಮನೆಗಳ ಗೆರೆಗಳು ಏಳುತ್ತ ಇಳಿಯುತ್ತ ಹೋದವು. ಅಷ್ಟರಲ್ಲಿ ತೀರ್ಪುಗಾರರ ಸಾಲಿನಲ್ಲಿದ್ದ, ಕರೆಂಟು ಕಂಪನಿಯ ಬೋಳುತಲೆಯ ಹಿರಿಯ ಎಂಜಿನಿಯರೊಬ್ಬರು ಕನ್ನಡಕ ಏರಿಸಿಕೊಂಡರು. ಎಲ್ಲ ಮನೆಗಳ ಗೆರೆಯೂ ಪ್ರತಿ ಶನಿವಾರ ಸಂಜೆ ಸೊನ್ನೆಗಿಂತ ಕೆಳಗೆ, ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು.

“ಅಂದ್ರೆ ಈ ಮನೆಗಳೆಲ್ಲ ಶನಿವಾರ ಸಂಜೆ ಕರೆಂಟ್ ಹುಟ್ಟಿಸ್ತವೆ ಅಂತಾನಾ ಮಗಳೇ? ಹಾಗಾದ್ರೆ ನಮ್ಮ ಕಂಪನಿ ಬಾಗ್ಲು ಮುಚ್ಚೋದೇ ಸರಿ,” ಅಂದರು.

ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ, ಪಾಪಿ. ಪಿಹ್ಲಾ ಕಿವಿಯವರೆಗೆ ಕೆಂಪಾದಳು. ಎಲ್ಲದರಲ್ಲೂ ಒಂದೇ ತಪ್ಪು ಇದೆಯೆಂದರೆ ಕಳೆಯುತ್ತಿರುವ ಮನೆಯಲ್ಲೇ ಏನೋ ಇರಬೇಕು ಎಂದು ಸೈಮಿ ಅವಳ ಕಿವಿಯಲ್ಲಿ ಹೇಳಿದಳಂತೆ. ಇಬ್ಬರೂ ಆ ಖಾಲಿ ಮನೆಯ ಗೆರೆಯನ್ನು ಅಲ್ಲೇ, ಎಲ್ಲರ ಎದುರಿಗೇ ತೆರೆದರು. ಗೋಡೆಯಷ್ಟು ಅಗಲದ ಪರದೆಯ ಮೇಲೆ ನಮ್ಮ ಬೇಸಿಗೆ ಮನೆ ಬಂತು. ಪ್ರತಿ ಬೆಳಗ್ಗೆ ಒಂದು ಸಣ್ಣ ದಿಬ್ಬ. ಶನಿವಾರ ಬಂದರೆ, ಸಂಜೆ ಐದಕ್ಕೆ, ಗುಡ್ಡದಂಥ ಒಂದು ಏರು. ವಾರ ಬಿಟ್ಟು ವಾರ ಅಲ್ಲ, ಫೆಬ್ರವರಿಯ ಆ ಎರಡು ವಾರ ಬಿಟ್ಟರೆ ವಾರ ವಾರವೂ. ಅದೇನೆಂದು ಆ ಹಾಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರ ಮನೆಯಲ್ಲೂ ಶನಿವಾರ ಸಂಜೆ ಅದೇ ಗುಡ್ಡ ಏಳುತ್ತದೆ.

ಎಂಜಿನಿಯರು ಮೆಲ್ಲಗೆ, “ಇದು ಖಾಲಿ ಮನೆ ಅಲ್ಲಮ್ಮ. ಇಲ್ಲಿ ಯಾರೋ ಸೌನಾ ಕಾಯಿಸ್ತಿದ್ದಾರೆ,” ಅಂದರು. ಹಿಂದಿನ ಸಾಲಿನಿಂದ ಯಾರೋ, ಕಳ್ಳನಿಗೂ ಶನಿವಾರ ಬಂದರೆ ಮೈ ಕಾಯಿಸಬೇಕಲ್ಲಪ್ಪ ಅಂದರು. ಮತ್ತೆ ನಗು.

ಮೊದಲು ನಾನೂ ಕಳ್ಳನೆಂದೇ ಅಂದುಕೊಂಡೆ ತಾನೆಲಿ. ನನ್ನ ತಂದೆಯ ತಾಮ್ರದ ಕಾಫಿ ಪಾತ್ರೆ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಸೈಮಿ ಗಾಬರಿಯಲ್ಲಿ ಎಲ್ಲೋ ಒತ್ತಿ ಗೆರೆ ಹಿಂದಕ್ಕೆ ಓಡಿ ಡಿಸೆಂಬರಿಗೆ ಬಂದು ನಿಂತಿತು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸಣ್ಣ ಉರಿಯಲ್ಲಿ ಬೆಳಗಿನವರೆಗೂ ಕರೆಂಟಿನ ಓವನ್ ಉರಿದಿತ್ತು, ಬೆಳಗ್ಗೆ ಮತ್ತೊಮ್ಮೆ. ಹಬ್ಬದ ದಿನ ಮೂರು ಗಂಟೆಗೆ ಸೌನಾ. ಸರಿಯಾಗಿ ನಮ್ಮ ಮನೆಯ ಕ್ರಮ. ಯಾವ ಕಳ್ಳ ಇರುಳೆಲ್ಲ ಓವನ್ನಿನಲ್ಲಿ ಹಂದಿಮಾಂಸ ಬೇಯಲಿಟ್ಟು, ಬೆಳಗ್ಗೆ ಗೆಡ್ಡೆಯ ಪಲ್ಯದ ತಟ್ಟೆ ಒಳಗಿಡುತ್ತಾನೆ? ಆ ಉರಿ, ಆ ಹೊತ್ತು, ಎಲ್ಲ ನಾನು ನಿನಗೆ ಕಲಿಸಿದ್ದು. ಒಬ್ಬನೇ ಒಬ್ಬ, ಆ ಕತ್ತಲಲ್ಲಿ, ಯಾರಿಗಾಗಿ ಹಬ್ಬದಡಿಗೆ ಮಾಡಿದೆಯೋ ನನ್ನ ಕಂದ? ಅದೇ ದಿನ ಇಲ್ಲಿ ನಾನು ಮೇಜಿನ ಮೇಲೆ ನಿನ್ನ ತಟ್ಟೆಯನ್ನೂ ಇಟ್ಟು, ನಾರ್ವೆಯವರು ಇವನಿಗೆ ಏನು ಹಾಕಿದರೋ ಎಂದು ಕೊರಗುತ್ತಿದ್ದೆ. ನಗು ಇನ್ನೂ ನಿಂತಿರಲಿಲ್ಲ. ಯಾವ ಸಭೆಯಲ್ಲೂ ಬಾಯಿ ಬಿಟ್ಟವಳಲ್ಲ ನಾನು, ಅದು ನಿನಗೂ ಗೊತ್ತು. ಎದ್ದು ನಿಂತೆ.

“ಅವನು ಕಳ್ಳ ಅಲ್ಲ. ನನ್ನ ಮಗ,” ಅಂದೆ.

ಪಿಹ್ಲಾ ಹೋಗಿ ಪರದೆ ಆರಿಸಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಪೋಲಾಗೋ ಕರೆಂಟನ್ನ ಹಿಡೀತೀವಿ ಅಂತ ಹೊರಟ್ವಿ. ಬದುಕ್ತಿರೋ ಮನುಷ್ಯನನ್ನ ಕದ್ದು ನೋಡಿದ ಹಾಗಾಯ್ತು. ನಾವು ಇದನ್ನ ಸ್ಪರ್ಧೆಗೆ ಇಡಲ್ಲ,” ಅಂದಳು. ಅವಳ ಬಗ್ಗೆ ನನಗೆ ಹೆಮ್ಮೆಯಾಯಿತು. ಆದರೆ ಹೆಮ್ಮೆಪಡಲೂ ಶಕ್ತಿ ಇರಲಿಲ್ಲ. ಬಹುಮಾನ ಪಾಚಿಯವರಿಗೆ ಹೋಯಿತಂತೆ. ಆ ಎಂಜಿನಿಯರು ಹೊರಗೆ ಬಂದು, ನಕ್ಕದ್ದಕ್ಕೆ ಕ್ಷಮೆ ಕೇಳಿ, ನನ್ನ ಕೋಟು ಹಿಡಿದು ತೊಡಿಸಿದರು. ನಮ್ಮ ಮನೆಯ ಲೆಕ್ಕವನ್ನು ಹುಡುಗಿಯರು ಅಳಿಸಿ ಹಾಕಿದ್ದಾರೆ, ಆ ಬಗ್ಗೆ ನೀನು ಯೋಚಿಸಬೇಡ. ನಾನು ಅದಕ್ಕೂ ಮುಂಚೆ ಪಿಹ್ಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಟೋಬರಿನಿಂದ ಈವರೆಗೆ ದಿನದಿನವನ್ನೂ ನೋಡಿಬಿಟ್ಟೆ. ತಪ್ಪಿರಬಹುದು. ಆದರೆ ನಿನ್ನನ್ನು ನೋಡಿ ಎಷ್ಟು ದಿನವಾಗಿತ್ತು, ಗೆರೆಯೋ ಗೀಟೋ, ನೀನೇ ತಾನೆ ಎಂದು ನೋಡಿದೆ.

ಆಗಲೇ ಕಾರು ಹತ್ತಿ ಬಂದುಬಿಡೋಣ ಎಂದು ಜೀವ ಎಳೆಯಿತು. ಪಿಹ್ಲಾ ತಡೆದಳು. ಅಣ್ಣ ಹಿತ್ತಿಲ ಬಾಗಿಲಿನಿಂದ ಹೊರಟುಬಿಟ್ಟರೆ, ಈ ಸಲ ನಿಜಕ್ಕೂ ಎಲ್ಲಿ ಹೋದ ಎಂದು ತಿಳಿಯದ ಹಾಗೆ ಹೋದರೆ ಏನು ಮಾಡುತ್ತೀಯ ಎಂದು ಕೇಳಿದಳು. ಆ ಭಯ ನನಗೂ ಇತ್ತು. ನೀನು ಯಾಕೆ ಹೋದೆ ಎಂಬುದನ್ನು ನಾನು ಮರೆತಿಲ್ಲ. ಹಾಸಿಗೆಯಿಂದ ಏಳಲಾಗದೆ ನೀನು ಶಾಲೆಯ ಕೆಲಸ ಬಿಟ್ಟ ವರ್ಷ, ಹಬ್ಬದ ಊಟದ ನಡುವೆ ನಿಮ್ಮಪ್ಪ, ಮರ ಕಡಿದವನಿಗೆ ದಣಿವು, ಮಕ್ಕಳಿಗೆ ಓದಿಸುವವನಿಗೆ ಎಂಥ ದಣಿವು ಅಂದದ್ದು, ನೀನು ಚಮಚ ಕೆಳಗಿಟ್ಟು ಎದ್ದುಹೋದದ್ದು. ಈಗ ನಿನ್ನ ಬೆಳಗಿನ ಕಾಫಿ ದಿನದಿಂದ ದಿನಕ್ಕೆ ಬೇಗ ಬೇಗ ಆಗುತ್ತಿದೆ. ಈ ತಿಂಗಳಂತೂ ಏಳು ಗಂಟೆಗೇ. ಅದನ್ನು ನೋಡಿ ಎಷ್ಟು ಅತ್ತೆನೋ ಅಷ್ಟೇ ಸಮಾಧಾನವೂ ಆಯಿತು. ನಿನಗೆ ಅಲ್ಲಿ ಹಿತವಾಗಿದೆಯೆಂದರೆ ಅಲ್ಲೇ ಇರು. ಆ ಮನೆ ನಿನ್ನದೇ. ಬೇಸಿಗೆಗೂ ನಾವು ಯಾರೂ ನೀನು ಕರೆಯದೆ ಬರುವುದಿಲ್ಲ. ಹೊಟ್ಟೆಗೆ ಏನು ಮಾಡುತ್ತಿದ್ದೀಯ ಎಂದು ಮಾತ್ರ ತಿಳಿಸು. ನಿಮ್ಮಪ್ಪನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ.

ಚೆನ್ನಾಗಿ ಉಣ್ಣು, ಕಾಲು ಬೆಚ್ಚಗಿಟ್ಟುಕೋ, ಮಾಡಿನ ಮೇಲಿನ ಹಿಮ ಜಾರುವ ಕಾಲ, ತಲೆಯ ಮೇಲೆ ನಿಗಾ ಇರಲಿ. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ. ಪಿಹ್ಲಾ ನಿನ್ನ ಕ್ಷಮೆ ಕೇಳುತ್ತಾಳೆ, ಅವಳ ನಮಸ್ಕಾರಗಳು.

ನಿನ್ನ ಅಮ್ಮ,
ಹಿಲ್ಕಾ

ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೇ ನಿಮ್ಮಪ್ಪ ಒಳಗೆ ಬಂದವರು ಮೇಜಿನ ಮೇಲಿನ ವಿಳಾಸ ನೋಡಿದರು. ಅವರು ಬೂಟು ಬಿಚ್ಚುತ್ತ, “ರಸ್ತೆ ಬದಿಯ ಅಂಚೆ ಪೆಟ್ಟಿಗೇಲಿ ಹಾಕಿಸ್ಬೇಡ. ಅವನು ಅದನ್ನ ನೋಡಲ್ಲ. ಬಾಗ್ಲ ಕೆಳಗೆ ತೂರಿಸ್ಬೇಕು,” ಅಂದರು. ನವೆಂಬರಿನ ಬಿಲ್ಲು ಬಂದ ದಿನವೇ ಅವರಿಗೆ ಗೊತ್ತಾಗಿತ್ತಂತೆ. ಚಳಿಗಾಲವಿಡೀ ಶನಿವಾರ ಶನಿವಾರ ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯಲು ಹೋಗುತ್ತಿದ್ದವರು ಒಂದು ಮೀನನ್ನೂ ತಂದವರಲ್ಲ. ಕೈಲಾಗದ ಬೆಸ್ತ ಎಂದು ನಾನು ಹಂಗಿಸುತ್ತಿದ್ದೆ. ನಿನ್ನ ಕಿಟಕಿಯೆದುರು, ಸರೋವರದ ನಡುವೆ ಸ್ಟೂಲು ಹಾಕಿಕೊಂಡು ಬೆನ್ನು ಬಗ್ಗಿಸಿ ಕೂತಿರುತ್ತಾರಲ್ಲ ಆ ಮುದುಕ, ಅವರು ನಿಮ್ಮಪ್ಪ ಕಣೋ. ನೀನು ಸೌನಾ ಮುಗಿಸಿ, ಮೈಯಿಂದ ಹಬೆ ಏಳುತ್ತ ಮೆಟ್ಟಿಲ ಮೇಲೆ ಬಂದು ಕೂರುವವರೆಗೆ ಕಾದು, ನೋಡಿ, ಎದ್ದು ಬರುತ್ತಾರಂತೆ. ದಡಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದರೆ, ಅವನು ಕರೆಯಲಿಲ್ಲ ಅನ್ನುತ್ತಾರೆ. ಈ ಪತ್ರವನ್ನು ಅವರ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇನ್ನೊಂದು ವರ್ಷ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾರೆ. ಪಿಹ್ಲಾ ನಾಳೆ ತಂದು ತೂರಿಸಿ ಹೋಗುತ್ತಾಳೆ, ಬಾಗಿಲು ತಟ್ಟುವುದಿಲ್ಲ. ಮಂಜುಗಡ್ಡೆ ಆಗಲೇ ಕರಗುತ್ತ ಬೂದುಬಣ್ಣಕ್ಕೆ ತಿರುಗಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ, ಹೋಗಬೇಡಿ ಎಂದು ಕಾಲಿಗೆ ಬಿದ್ದೆ, ಕೇಳುತ್ತಿಲ್ಲ. ಈ ಶನಿವಾರವೂ ಅಲ್ಲೇ ಬಂದು ಕೂರುತ್ತಾರೆ. ನೀನು ಕರೆದರೆ ಮಾತ್ರ ಏಳುತ್ತಾರೆ. ಅವರನ್ನು ಕರೆ ಮಗನೇ. ಬರುವಾಗ ಜೊಂಡಿನ ಕಡೆಯಿಂದ ಬರಬೇಡಿ ಎಂದು ಕೂಗಿ ಹೇಳು, ಅಲ್ಲಿ ತೆಳುವಾಗಿದೆ, ದೊಡ್ಡ ಬಂಡೆಯ ಪಕ್ಕದಿಂದ ಬರಲಿ.