ಇಳಿಜಾರಿನ ಕೊನೆಯಲ್ಲಿ

ಮಂಗಳೂರು, ಭಾನುವಾರ

ಪ್ರೀತಿಯ ಅಣ್ಣ,

ನೀನು ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ನಾನೂ ಬಿಟ್ಟುಬಿಟ್ಟಿದ್ದ ಗುಡ್ಡದ ಸೈಕಲ್ಲನ್ನು ಇವತ್ತು ಮತ್ತೆ ಹತ್ತಿದೆ. ಬಲ್ಮಠದಲ್ಲಿ ಆಫೀಸು ಬಿಟ್ಟರೆ ಬಾಡಿಗೆ ಕೋಣೆ. ಭಾನುವಾರ ಮಾತಾಡಲು ಒಬ್ಬರೂ ಇರುವುದಿಲ್ಲ. ತೊಕ್ಕೊಟ್ಟಿನ ಆಚೆ ಒಂದು ಗುಡ್ಡ ಸಿಕ್ಕಿತು, ಮಣ್ಣು ನಮ್ಮ ಸಂಡೂರಿನಷ್ಟೇ ಕೆಂಪು. ಕಲ್ಲುಗಳ ಮೇಲೆ ಹಾರುತ್ತಾ ಇಳಿಯುವಾಗ ಖುಷಿ ತಡೆಯದೆ ಜೋರಾಗಿ ಕೂಗಿದೆ.

ಕೆಳಗೆ ಬಂದವಳೇ ಹಳೇ ರೂಢಿಯಂತೆ ಎರಡು ಸಲ ಬೆಲ್ ಹೊಡೆದೆ. ಹಿಂದಿನಿಂದ ನಿನ್ನ ಬೆಲ್ ಕೇಳಿಸಲೆಂದು ಒಂದು ಕಾಲೂರಿ ನಿಂತೂಬಿಟ್ಟೆ! ಗುಡ್ಡದ ಬುಡದ ಮನೆಯ ಅಂಗಳದಲ್ಲಿ ಮೀನು ತೊಳೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು, "ಎಂತ, ಹಿಂದೆ ಯಾರಾದ್ರೂ ಬರ್ಲಿಕ್ಕೆ ಉಂಟಾ?" ಎಂದರು. ನನ್ನ ಬಾಯಿಗೆ ಬಂದದ್ದು, "ಹೌದು, ನಮ್ಮಣ್ಣ." ಪಾಪ, ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಜೊತೆ ಗುಡ್ಡದ ಕಡೆ ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ನಾನೂ ಗುಡ್ಡವನ್ನೇ ನೋಡುತ್ತಾ ನಿಂತೆ.

ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಬೇರೇನೂ ಇಲ್ಲ. ಮೊಣಕಾಲು ಗುಣವಾಯಿತೆಂದು ಡಾಕ್ಟರೇ ಹೇಳಿ ವರ್ಷವಾಯಿತಲ್ಲ, ನಿನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡು. ಆ ಅಮ್ಮನಿಗೆ ನಾನು ಸುಳ್ಳು ಹೇಳಿದಂತಾಗಬಾರದು.

ನಿನ್ನ ತಂಗಿ,
ಶಶಿರೇಖಾ