ಅಲುಗಾಡದ ಮೇಜಿಗೆ ಒಂದು ರುಜು

ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ
14 ಆಗಸ್ಟ್ 2025

ಪರಮಾಣುಪಾಲಕರಾದ ಶ್ರೀಮಾನ್ ಕೃಷ್ಣಾನಂದರ ಸನ್ನಿಧಿಗೆ, ಅಂದರೆ ಪ್ರೀತಿಯ ನಿಮಗೆ,

ನಾನು ಕ್ಷೇಮ. ನಿಮ್ಮ ಕೆಮ್ಮು ಹೇಗಿದೆ? ಲ್ಯಾಬಿನ ಏಸಿ ಅಲ್ಲಿನ ಯಂತ್ರಗಳಿಗೆ ಒಳ್ಳೆಯದು, ನಿಮ್ಮ ಎದೆಗಲ್ಲ. ಆ ಕಂದು ಸ್ವೆಟರ್ ಹಾಕಿಕೊಳ್ಳಿ. ಲ್ಯಾಬಿನ ಹತ್ತಿರದ ಆ ಕಳಕ್ಕೂಟಂ ಫ್ಲ್ಯಾಟಿನಲ್ಲಿ ಅನ್ನ ಮಾಡಿಕೊಳ್ಳುತ್ತೀರೋ, ಹೋಟೆಲಿನ ಪೊರೋಟ್ಟ ತಂದು ಮುಗಿಸುತ್ತೀರೋ? ನಿಜ ಹೇಳಬೇಡಿ, ಬೇಸರವಾಗುತ್ತದೆ. ಫೋನನ್ನು ಲ್ಯಾಬಿನ ಹೊರಗೇ ಇಟ್ಟು ಹೋಗುವ ಮಹಾನುಭಾವರಿಗೆ ಕಾಗದವೇ ಗತಿಯೆಂದು, ನಿಮ್ಮ ಲ್ಯಾಬಿಗೆಂದು ಹಡಗಿನಲ್ಲಿ ಬಂದ ಮೇಜಿನ ದಾಖಲೆಗಳ ಜೊತೆ ಇದನ್ನೂ ಲಾರಿಯಲ್ಲಿ ಕಳಿಸುತ್ತಿದ್ದೇನೆ.

ನಿಮ್ಮ ರುಬಿಡಿಯಂ ಪರಮಾಣುಗಳು ಸೌಖ್ಯವೇ? ಏಳು ವಾರಗಳಿಂದ ನೀವು ಅವುಗಳ ಬಳಿಯೇ ಇದ್ದೀರಿ. ಸವತಿಯ ಕ್ಷೇಮ ವಿಚಾರಿಸುವುದು ನನ್ನ ದೊಡ್ಡಗುಣ. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಕಚೇರಿಯ ಗ್ರೇಸಿ ಕ್ವಾಂಟಂ ಕಂಪ್ಯೂಟರ್ ಅಂದರೇನೆಂದು ಕೇಳಿದಳು. ನಾನೇ ಪಾಠ ಮಾಡಿದೆ: ಒಂದೊಂದು ಪರಮಾಣುವನ್ನು ಬೆಳಕಿನ ಚಿಮಟದಲ್ಲಿ ಹಿಡಿದು, ರಂಗೋಲಿಯ ಚುಕ್ಕಿಗಳ ಹಾಗೆ ಸಾಲಾಗಿ ಕೂರಿಸಬೇಕು. ಮೊದಲ ಸಲಕ್ಕೆ ಸುಮಾರು ಅರ್ಧ ಜಾಗ ಖಾಲಿಯೇ ಉಳಿಯುತ್ತದೆ. ಆಗ ಫೋಟೋ ತೆಗೆದು, ಎಲ್ಲಿ ಯಾರಿಲ್ಲವೋ ಅಲ್ಲಿಗೆ ಇನ್ನೊಂದನ್ನು ಎತ್ತಿ ತರಬೇಕು. ಸಾಲು ತುಂಬಿದ ಮೇಲೆ ಅವುಗಳಿಂದ ಲೆಕ್ಕ ಮಾಡಿಸಬೇಕು. ಗ್ರೇಸಿ ಬುತ್ತಿಯ ಮುಚ್ಚಳ ಹಾಕುತ್ತಾ, "ಖಾಲಿ ಜಾಗ ತುಂಬೋದು ಅಷ್ಟು ಚೆನ್ನಾಗಿ ಗೊತ್ತಿರೋರು ಮನೆಗ್ಯಾಕೆ ಬರಲ್ಲ ಚೇಚೀ?" ಅಂದಳು. ನಾನು ಮಾತನ್ನು ಉಪ್ಪಿನಕಾಯಿಯ ಕಡೆ ತಿರುಗಿಸಿದೆ.

ಹಡಗಿನ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಏಜೆಂಟರು ಈ ಊರಿನಲ್ಲಿ ಎಷ್ಟು ಮಂದಿಯಿಲ್ಲ! ಆದರೂ ನಿಮ್ಮ ಹೊಸ ಲೇಸರ್‌ಗಳನ್ನು ಹೊರುವ, ಪಕ್ಕದಲ್ಲಿ ಲಾರಿ ಹೋದರೂ ಅಲುಗಾಡದ ಆ ಮೇಜು ನಮ್ಮ ಕಚೇರಿಯ ಪಾಲಿಗೇ ಬಂತು. ಲ್ಯಾಬಿನ ಪರವಾಗಿ ನೀವೇ ಬಂದು ನಮ್ಮೆದುರು ರುಜು ಹಾಕಬೇಕೆಂದು ಪತ್ರ ಬರೆದವಳು ನಾನೇ. ಒಂಬತ್ತು ದಿನ ಕಾದೆ. ಮೊನ್ನೆ ಎರ್ನಾಕುಲಂನಿಂದ ಬಂದ ಬೋಟಿನಲ್ಲಿ ನಿಮ್ಮ ಕೊಡೆ ಕಂಡಿತು, ಒಂದು ಕಡ್ಡಿ ಮುರಿದ ಅದೇ ಹಸಿರು ಕೊಡೆ. ನಲವತ್ತಾರರ ಹೆಂಗಸೊಬ್ಬಳು ಎರಡೆರಡು ಮೆಟ್ಟಿಲು ಹಾರಿ ಇಳಿದದ್ದನ್ನು ಕಚೇರಿಯವರೆಲ್ಲ ನೋಡಿದರು. ಕೊಡೆಯ ಕೆಳಗೆ ಯಾರು? ನಿಮ್ಮ ಲ್ಯಾಬಿನ ಸ್ಟೋರ್ ನೋಡಿಕೊಳ್ಳುವ ಅಜಿತ್! ಆ ಹೊಟ್ಟೆಗೆ ಕೊಡೆ ಸಾಲದೆ ಅರ್ಧ ನೆನೆದಿದ್ದರು. "ಸುಮಿತ್ರಕ್ಕಾ, ಕೃಷ್ಣಾನಂದಣ್ಣ ಅಧಿಕಾರಪತ್ರ ಕೊಟ್ಟಿದ್ದಾರೆ. 'ಅವಳು ಭಾರೀ ಸ್ಟ್ರಿಕ್ಟು, ಒಂದು ಸೀಲು ಕಮ್ಮಿಯಾದ್ರೂ ವಾಪಸ್ ಓಡಿಸ್ತಾಳೆ' ಅಂತ ನಿಮ್ಮ ಬಗ್ಗೆ ಹೇಳಿದ್ರು!" ಐದು ಸೀಲುಗಳಿದ್ದವು. ತಪ್ಪು ಹುಡುಕಲು ಅರ್ಧ ಗಂಟೆ ಶ್ರಮಿಸಿದೆ, ಒಂದೂ ಸಿಗಲಿಲ್ಲ. ಮನುಷ್ಯ ಇಷ್ಟು ಅಚ್ಚುಕಟ್ಟಾಗಿರಬಾರದು. ಅವರಿಗೆ ಚಾಯ ಕೊಟ್ಟು, ಕೊಡೆಯ ಕಡ್ಡಿಗೆ ದಾರ ಕಟ್ಟಿ ಕಳಿಸಿದೆ. ಮನೆಗೆ ಬಂದು, ನಿಮಗೆಂದು ಮಾಡಿಟ್ಟಿದ್ದ ಕೆಸುವಿನೆಲೆಯ ಪತ್ರೊಡೆಯನ್ನು ಒಬ್ಬಳೇ ತಿಂದೆ. ನಿನ್ನೆಯೂ ತಿಂದೆ. ಇವತ್ತಿಗೂ ಇದೆ.

ಮೇಜು ಈಗ ಲಾರಿ ಹತ್ತಿದೆ. ಅದರ ಮೇಲೆ ನಿಮ್ಮ ಪರಮಾಣುಗಳು ತಪ್ಪಿಸಿಕೊಳ್ಳದೆ ನೂರು ಸೆಕೆಂಡು ಬಾಳಲಿ ಎಂದು ಹರಸುವ,

ನಿಮ್ಮ
ಸುಮಿತ್ರ

ಮರೆತಿದ್ದೆ: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಎದುರಿಗೇ ಬಂದು ರುಜು ಹಾಕಬೇಕೆಂಬ ನಿಯಮ ಎಲ್ಲೂ ಇಲ್ಲ. ಅದು ನಾನು ಹುಟ್ಟಿಸಿದ್ದು. ಮೇಜು ತಡವಾದದ್ದಕ್ಕೆ ನೀವು ನಿರ್ದೇಶಕರಿಂದ ಬೈಸಿಕೊಂಡಿರಿ ಎಂದು ಅಜಿತ್ ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ನಿರ್ದೇಶಕರು ಮತ್ತೆ ಕೇಳಿದರೆ ನನ್ನ ಹೆಸರು ಹೇಳಿಬಿಡಿ. ನಿಮಗೂ ನನ್ನನ್ನು ಬೈಯಬೇಕೆನಿಸಿದರೆ, ಫೋನಿನಲ್ಲಿ ಬೇಡ ರೀ. ಬಂದು ಬೈಯಿರಿ.